ತಾಟಿನ ಎಡಬದಿ

ಔರಾದ
೧೨ ಜೂನ್ ೧೯೫೬

ಅಣ್ಣನಿಗೆ ತಂಗಿ ಜಾನಕಿಯ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ರೂಢಿ. ಈ ಸಲ ಸುಳ್ಳು ಬರೆಯಲು ಮನಸ್ಸಾಗಲಿಲ್ಲ, ಆ ಸಾಲನ್ನು ಬಿಟ್ಟಿದ್ದೇನೆ.

ಮಗ ದತ್ತಾತ್ರೇಯ ಬೆಳಿಗ್ಗೆ ತಹಸೀಲ ಕಚೇರಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ದಿನವಿಡೀ ಮನೆಯಲ್ಲಿ ನಾನು ಮತ್ತು ಸೊಸೆ ಸುಲಭಾ. ಹಲಬರ್ಗಾದ ಈ ಹೆಣ್ಣನ್ನು ನೋಡಿ ಒಪ್ಪಿದವನು ನೀನು. ಆದ್ದರಿಂದ ದೂರೂ ನಿನಗೇ. ಈಚೆಗೆ ಅವಳು ನನ್ನ ತಾಟಿಗೆ ಉಪ್ಪು ಬಡಿಸುವುದನ್ನು ಬಿಟ್ಟಿದ್ದಾಳೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯಿಲ್ಲ, ಉಪ್ಪಿನಕಾಯಿಯಿಲ್ಲ. ರೊಟ್ಟಿ ಇರುತ್ತದೆ, ಪಲ್ಯ ಇರುತ್ತದೆ, ಅಷ್ಟೇ. ಅವ್ವ ನಮಗೆ ಕಲಿಸಿದ್ದು ನೆನಪಿದೆಯಲ್ಲ. ತಾಟಿನ ಎಡಬದಿಗೆ ಮೊದಲು ಉಪ್ಪು, ಅದರ ಮಗ್ಗುಲಿಗೆ ಹಿಂಡಿ, ಉಪ್ಪಿನಕಾಯಿ. ಬಲಬದಿಗೆ ಪಲ್ಯ. ಹಿಂಡಿಯಿಲ್ಲದೆ ನನಗೆ ತುತ್ತು ಇಳಿಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಎಡಬದಿ ಬರಿದಾದ ತಾಟನ್ನು ಹಿರಿಯಳ ಮುಂದೆ ಇಡುವುದೆಂದರೆ ಏನರ್ಥ, ನೀನೇ ಹೇಳು.

ಮೊನ್ನೆ ಕೇಳಿಯೇ ಬಿಟ್ಟೆ. "ಯಾಕವಾ, ಮನ್ಯಾಗ ಹಿಂಡಿ ತೀರೇದೇನು?"

"ಬಡಸೀನಲ್ಲರಿ ಅತ್ತಿ" ಎಂದಳು.

"ಎಲ್ಲಿ ಬಡಸೀ, ನೆರಿಮನಿ ತಾಟಿಗೇನು?"

ಬಗ್ಗಿ ತಾಟಿನ ಕಡೆ ಕೈ ಚಾಚಿದಳು. ಅವಳ ಕೈ ಹೋದ ಕಡೆ ಮುಖ ತಿರುಗಿಸಿದರೆ ಹಿಂಡಿ ಇದೆ, ಉಪ್ಪೂ ಇದೆ. ನಾನು ಕೇಳಿದ ಮೇಲೆ ಬಡಿಸಿ, ಮೊದಲೇ ಇತ್ತು ಎನ್ನುತ್ತಾಳೆ. ಅಂಥ ಕೈಚಳಕ. ದತ್ತನ ಮುಂದೆ ಹೇಳಿದರೆ ಅವನು ಇಬ್ಬರ ಮುಖವನ್ನೂ ನೋಡಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಾನೆ.

ನನ್ನ ಆರೋಗ್ಯ ಕೇಳುತ್ತೀ. ಎಡಗಣ್ಣು ಸ್ವಲ್ಪ ಮಂದವಾಗಿದೆ, ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತದೆ. ಬಿಸಿಲ ಜಳಕ್ಕೆ ತಲೆನೋವು. ಹಿಂದಲೆಗೆ, ಬಲಗಡೆ, ಎಣ್ಣೆ ತಿಕ್ಕಿಕೊಂಡು ಮಲಗುತ್ತೇನೆ. ಇವೆಲ್ಲ ವಯಸ್ಸಿನವು. ನನ್ನ ಸಂಕಟ ಅದಲ್ಲ.

ನಿನ್ನ ಜಾನಕಿ


ಚಿದ್ರಿ, ಬೀದರ
೨೦ ಜೂನ್ ೧೯೫೬

ಜಾನಕಿ,

ನಿನ್ನ ಪತ್ರವನ್ನು ನಿನ್ನ ಅತ್ತಿಗೆ ಮೀರಾಬಾಯಿಗೆ ಓದಿ ಹೇಳಿದೆ. "ಅಕಿಗಿ ಬಡಸಾಕರೆ ಒಬ್ಬಾಕಿ ಅದಾಳ. ನಾನ ಮಾಡಿ ನಾನ ಬಡಸ್ಕೊಂಡ ಉಣ್ಣಾಕಿ. ನಸೀಬ ಛೊಲೊ ಅದ ಅಂತ ಬರೀರಿ" ಎಂದಳು. ಬರೆದಿದ್ದೇನೆ. ಇದರಲ್ಲಿ ನನ್ನ ಮಾತು ಒಂದೂ ಇಲ್ಲ.

ಈಗ ನನ್ನ ಮಾತು ಕೇಳು. ನೌಕರಿಯ ಉದ್ದಕ್ಕೂ ನಾನು ರೈಲ್ವೆ ಸ್ಟೇಷನ್ನಿನಲ್ಲಿ ತಾರು ಯಂತ್ರದ ಮುಂದೆ ಕುಳಿತವನು. ಅಲ್ಲಿ ನಾನು ಕಲಿತದ್ದು ಇಷ್ಟು: ಕಳಿಸಿದವನು ಕಳಿಸಿದೆ ಎನ್ನುತ್ತಾನೆ, ಹಿಡಿಯುವವನು ಬರಲಿಲ್ಲ ಎನ್ನುತ್ತಾನೆ, ಮತ್ತು ಬಹಳ ಸಲ ಇಬ್ಬರೂ ನಿಜ ಹೇಳುತ್ತಿರುತ್ತಾರೆ. ಆ ಹುಡುಗಿ ನಿನ್ನ ಮನೆಗೆ ಬಂದು ಎರಡು ವರ್ಷವೂ ತುಂಬಿಲ್ಲ. ಮರೆತಿರಬಹುದು, ಹೆದರಿ ತಡವರಿಸಿರಬಹುದು. ನೀನೂ ಹೊಸದಾಗಿ ಔರಾದಕ್ಕೆ ಹೋದಾಗ ನಿನ್ನ ಅತ್ತೆಯ ಹಾಲಿಗೆ ಉಪ್ಪು ಹಾಕಿದ್ದೆ. ಮರೆತೆಯಾ? ನಾನು ಮರೆತಿಲ್ಲ. ಸ್ವಲ್ಪ ಸೈರಿಸಿಕೋ.

ಅಂದಹಾಗೆ, ಪತ್ರದ ಎಡಗಡೆ ಅಷ್ಟು ಅಗಲ ಜಾಗ ಯಾಕೆ ಬಿಟ್ಟಿದ್ದೀ? ಪಾಟಿಯ ಮೇಲೆ ಅಕ್ಷರ ತಿದ್ದಿಸುವಾಗ ಅಂಚಿನಿಂದ ಬರೆ ಎಂದು ಕಲಿಸಿದ್ದೆ. ಈಗ ನೋಡಿದರೆ ಸರಕಾರಕ್ಕೆ ಅರ್ಜಿ ಬರೆದ ಹಾಗಿದೆ. ನಿನ್ನ ಅಣ್ಣ ಅಷ್ಟು ದೊಡ್ಡ ಸಾಹೇಬನಾಗಲಿಲ್ಲ.

ಔರಾದದ ಬಸ್ಸು ಓಡಿಸುವ ಕರೀಮ ಸಾಬರ ಕೈಯಲ್ಲಿ ಗುಲಾಬಜಲದ ಶೀಶೆ ಕಳಿಸಿದ್ದೇನೆ. ಎಡಗಣ್ಣಿಗೆ ಹಾಕಿಕೋ, ತಂಪಾಗುತ್ತದೆ.

ನಿನ್ನ ಅಣ್ಣ
ಪಾಂಡುರಂಗ


ಔರಾದ
೧೬ ಆಗಸ್ಟ್ ೧೯೫೬

ಅಣ್ಣನಿಗೆ,

ಪಂಚಮಿಗೆಂದು ಸುಲಭಾಳನ್ನು ಹಲಬರ್ಗಾಕ್ಕೆ ಕಳಿಸಿದ್ದೇನೆ. ಹಬ್ಬಕ್ಕೆ ತವರಿಗೆ ಹೋಗುವುದು ಎಲ್ಲ ಹೆಣ್ಣುಮಕ್ಕಳಿಗೂ ಇದ್ದದ್ದೇ. ಆದರೆ ನಾನು ತಿರುಗಿ ಕರೆಸುವುದಿಲ್ಲ. ದತ್ತನಿಗೂ ಹೇಳಿದ್ದೇನೆ.

ಹೋಗುವಾಗ ಕಾಲಿಗೆ ಬೀಳಲೂ ಇಲ್ಲ. ಬಿದ್ದಳು ಎಂದು ದತ್ತ ಹೇಳುತ್ತಾನೆ. ನಾನು ಕಾಣಲಿಲ್ಲ.

ನೀನು ಅವಳ ಕಡೆಯವನೆಂದು ನಿನ್ನ ಪತ್ರ ಓದಿ ತಿಳಿಯಿತು. ಗುಲಾಬಜಲ ಮುಟ್ಟಿತು.

ಜಾನಕಿ


ಚಿದ್ರಿ, ಬೀದರ
೨೫ ಆಗಸ್ಟ್ ೧೯೫೬

ಜಾನಕಿ,

ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ. ಮುಚ್ಚಿಟ್ಟು ಬರೆದರೆ ಇನ್ನೂ ಕೆಟ್ಟದಾಗುತ್ತದೆ, ಅದಕ್ಕೇ ತೆರೆದೇ ಬರೆಯುತ್ತೇನೆ.

ಪಂಚಮಿಗೆ ಬಂದ ಮಗಳನ್ನು ಗಂಡನ ಮನೆಯವರು ಕರೆಸದಿದ್ದರೆ ಅವಳ ತಂದೆ ಕಾಶೀರಾಮ ಊರೊಳಗೆ ಹೇಗೆ ತಲೆಯೆತ್ತಿ ನಡೆಯಬೇಕು? ಭಾವಿಗೆ ನೀರಿಗೆ ಹೋದರೆ ಆ ಹುಡುಗಿಗೆ ಏನೇನು ಕೇಳುತ್ತಾರೆ? ಒಂದು ಚಿಟಿಕೆ ಉಪ್ಪಿಗಾಗಿ ಒಂದು ಸಂಸಾರ ಒಡೆಯುವವಳು ನನ್ನ ತಂಗಿಯಲ್ಲ. ದತ್ತ ಬಾಯಿಬಿಟ್ಟು ಹೇಳುವವನಲ್ಲ. ಅವನ ಮುಖವನ್ನಾದರೂ ನೋಡು.

ನಿನ್ನ ಪತ್ರದಲ್ಲಿ ಈ ಸಲ ಕಾಗದದ ಅರ್ಧವೇ ಖಾಲಿ ಇದೆ. ನನ್ನ ಮೇಲಿನ ಸಿಟ್ಟಿಗೆ ಹಾಗೆ ಬಿಟ್ಟಿದ್ದರೆ, ಆ ಖಾಲಿ ಜಾಗವನ್ನು ಓದಿಕೊಂಡಿದ್ದೇನೆ.

ಪಾಂಡುರಂಗ


ಚಿದ್ರಿ, ಬೀದರ
೨೮ ಸೆಪ್ಟೆಂಬರ್ ೧೯೫೬

ಜಾನಕಿ,

ನಿನ್ನ ಉತ್ತರವಿಲ್ಲ. ಮಾಂಜ್ರಾ ತುಂಬಿ ಬಸ್ಸು ನಿಂತಿದೆ, ಟಪಾಲೂ ನಿಂತಿರಬೇಕು ಎಂದುಕೊಂಡಿದ್ದೆ. ನಿನ್ನೆ ಕರೀಮ ಸಾಬರು ಸಿಕ್ಕು, ಬಸ್ಸು ಓಡುತ್ತಿದೆ, ಟಪಾಲು ಚೀಲವನ್ನು ನಾನೇ ತರುತ್ತಿದ್ದೇನೆ ಎಂದರು. ಆ ಆಸರೆಯೂ ಹೋಯಿತು.

ಹಿಂದಿನ ಪತ್ರ ಗಡುಸಾಯಿತು. ನಾನು ಬಂದುಬಿಡುತ್ತಿದ್ದೆ, ಮೊಣಕಾಲು ಬಾತು ಪಾವಟಿಗೆ ಇಳಿಯಲಾಗುತ್ತಿಲ್ಲ. ಒಂದು ಸಾಲು ಬರೆ. ಬೈದು ಬರೆದರೂ ಆದೀತು.

ಅಣ್ಣ


ಔರಾದ
೯ ಅಕ್ಟೋಬರ್ ೧೯೫೬

ಅಣ್ಣಾ,

ಬರೆಯುವುದು ಈಗ ಬೇಸರದ ಕೆಲಸ. ಅಕ್ಷರಗಳು ಒಂದರ ಮೇಲೊಂದು ಏರುತ್ತವೆ. ನಿನ್ನ ಪತ್ರ ಓದುವುದೂ ಅಷ್ಟೇ, ಸಾಲಿನ ಮೊದಲು ಎಲ್ಲಿದೆಯೆಂದು ಸಿಗುವುದಿಲ್ಲ, ನಡುವಿನಿಂದ ಓದುತ್ತೇನೆ. ಬೈದದ್ದು ಮಾತ್ರ ಸಿಗುತ್ತದೆ.

ಒಂದು ಮಾತು ಕೇಳು. ಸುಲಭಾ ಹೋದ ಮೇಲೆ ನೆರೆಮನೆಯ ಶೇವಂತಾಬಾಯಿ ಅಡಿಗೆಗೆ ಕೈಹಚ್ಚುತ್ತಾಳೆ. ಅವಳೂ ನನ್ನ ತಾಟಿಗೆ ಉಪ್ಪು ಬಡಿಸುವುದಿಲ್ಲ. ಹಿಂಡಿ ಬಡಿಸುವುದಿಲ್ಲ. ಇಷ್ಟು ವರ್ಷದ ಗೆಳತಿ. ಆ ಹುಡುಗಿ ಹೋಗುವ ಮೊದಲು ಇವಳಿಗೂ ಕಲಿಸಿ ಹೋಗಿದ್ದಾಳೆ ಎಂದರೆ ನೀನು ನಂಬುವುದಿಲ್ಲ. ನಾನೇ ನಂಬುವುದು ಕಷ್ಟವಾಗುತ್ತಿದೆ.

ದತ್ತ ಕಚೇರಿಯ ಕಾಗದಪತ್ರ ಒಪ್ಪಿಸಲು ಬೀದರಿಗೆ ಬರುತ್ತಾನೆ. ಅವನನ್ನು ಏನೂ ಕೇಳಬೇಡ.

ಜಾನಕಿ


ಚಿದ್ರಿ, ಬೀದರ
೨೪ ಅಕ್ಟೋಬರ್ ೧೯೫೬

ಪ್ರೀತಿಯ ತಂಗಿ,

ಈ ಪತ್ರದ ಎಡ ಅಂಚಿಗೆ ಕೆಂಪು ಪೆನ್ಸಿಲಿನಿಂದ ದಪ್ಪ ಗೆರೆ ಎಳೆದಿದ್ದೇನೆ. ಪ್ರತಿ ಸಾಲಿಗೂ, ಆ ಕೆಂಪು ಕಾಣುವವರೆಗೆ ಮುಖವನ್ನು ಎಡಕ್ಕೆ ತಿರುಗಿಸು, ಅಲ್ಲಿಂದ ಓದು. ಕೆಂಪು ಕಾಣದಿದ್ದರೆ ನೀನು ಸಾಲಿನ ಮೊದಲಿಗೆ ಬಂದಿಲ್ಲ ಎಂದೇ ತಿಳಿ. ದಣಿದರೆ ದತ್ತನ ಕೈಯಲ್ಲಿ ಓದಿಸು.

ನೀನು ಬೇಡವೆಂದರೂ ದತ್ತನನ್ನು ಕೇಳಿದೆ. ಇಲ್ಲಿ ಕಚೇರಿಯಲ್ಲಿ ನಮ್ಮ ಜಿಲ್ಲೆಯನ್ನು ಪಾಲು ಮಾಡುತ್ತಿದ್ದಾರೆ. ಉದಗೀರದ ಕಾಗದಪತ್ರದ ಗಂಟು ಮುಂಬಯಿಗೆ, ಜಹೀರಾಬಾದದ್ದು ಆಂಧ್ರಕ್ಕೆ, ನಮ್ಮದು ಮೈಸೂರಿಗೆ. ಹುಡುಗ ಗಂಟು ಹೊತ್ತು ಹೊತ್ತು ಸೋತು ಬಂದು ನಮ್ಮಲ್ಲಿ ಊಟಕ್ಕೆ ಕುಳಿತ. ಮೀರಾಬಾಯಿ ಹಿಂಡಿ ಬಡಿಸಿದ್ದೇ ತಡ, ಅವನ ಕಣ್ಣಲ್ಲಿ ನೀರು ಬಂತು.

"ಖಾರ ಆತೇನೊ?" ಎಂದು ಅವಳು ಕೇಳಿದಳು.

"ಇಲ್ಲರಿ ಮಾಮಿ. ಸುಲಭಾ ಬಡಸ್ತಿದ್ಲರಿ. ನಾ ನನ್ನ ಕಣ್ಲೆ ನೋಡೀನಿ, ಅವ್ವನ ತಾಟಿಗಿ ದಿನಾ ಬಡಸ್ತಿದ್ಲು."

"ನೋಡಿ ಯಾಕ ಹೇಳಲಿಲ್ಲ?" ಎಂದೆ ನಾನು.

"ಹ್ಯಾಂಗ ಹೇಳ್ಲಿರಿ ಮಾಮಾ? ಹೆಂಡತಿ ಗುಲಾಮ ಅಂತಾಳ. ಒಂದಿನ ಹೇಳಿದ್ದಕ್ಕ ಎರಡು ದಿನ ಉಣಲಿಲ್ಲ." ಆಮೇಲೆ ತಲೆ ತಗ್ಗಿಸಿ ಹೇಳಿದ. "ನಾ ಎಡಕ್ಕ ಕೂತ್ರ ನನ್ನೂ ಮಾತಾಡ್ಸೂದಿಲ್ಲರಿ. ಬಲಕ್ಕ ಬಂದ ಕೂತ್ರ, ಈಗ ಬಂದೇನು ಅಂತಾಳ."

ಈ ಕಡೆಯ ಮಾತು ನನ್ನೊಳಗೆ ಕೂತುಬಿಟ್ಟಿತು. ನಿನ್ನ ಹಳೆಯ ಪತ್ರಗಳನ್ನು ತೆಗೆದು ನೆಲದ ಮೇಲೆ ಸಾಲಾಗಿ ಹಾಸಿದೆ. ಪತ್ರದಿಂದ ಪತ್ರಕ್ಕೆ ಎಡಗಡೆಯ ಖಾಲಿ ಅಗಲವಾಗುತ್ತ ಹೋಗಿದೆ. ನಾನು ಅದನ್ನು ಸಿಟ್ಟು ಎಂದು ಓದಿದ್ದೆ.

ಹಳೆಯ ಕಂಪೌಂಡರ ಗುಲಾಮ ರಸೂಲ ನಿನಗೆ ಗೊತ್ತು. ಹೈದರಾಬಾದಿನಲ್ಲಿ ಡಾಕ್ಟರಿಯನ್ನು ಉರ್ದುವಿನಲ್ಲಿ ಕಲಿಸುತ್ತಿದ್ದ ಕಾಲದ ಒಂದು ದಪ್ಪ ಪುಸ್ತಕ ಅವನಲ್ಲಿದೆ. ಕೇಳಲು ಹೋದರೆ, "ಏನ್ರಿ ಮಾಸ್ತರ, ಈ ವಯಸ್ಸಿನ್ಯಾಗ ಡಾಕ್ಟರ್ ಆಗ್ತೀರೇನು? ಮೊದಲ ನಿಮ್ಮ ಮಣಕಾಲ ನೋಡ್ಕೋರಿ" ಎಂದ. ನನ್ನ ಮುಖ ನೋಡಿದ ಮೇಲೆ ಪುಸ್ತಕ ತಂದು ಕೊಟ್ಟ. ತಿಳಿಯದ ಕಡೆ ಅವನು ಹೇಳಿದ, ಅವನಿಗೂ ತಿಳಿಯದ ಕಡೆ ಇಬ್ಬರೂ ಚಿತ್ರ ನೋಡಿದೆವು.

ಜಾನಕಿ, ನೋಡುವುದು ಕಣ್ಣಲ್ಲವಂತೆ. ಕಣ್ಣು ತಾರು ಕಳಿಸುವ ಆಫೀಸು ಮಾತ್ರ. ಬೆಳಕು ಹೋಗಿ ಕಣ್ಣಿನ ಹಿಂಗೋಡೆಗೆ ಬೀಳುತ್ತದೆ. ಬೆಳಕಿನ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಹೋಗುವುದು ಬರೀ ಸಂಕೇತ, ನಮ್ಮ ತಂತಿಯಲ್ಲಿ ಕಟ್ಟಕಡ ಎಂದು ಹೋಗುತ್ತಿದ್ದ ಹಾಗೆ. ಪ್ರತಿ ಕಣ್ಣಿನಿಂದಲೂ ಒಂದು ನರದ ಹುರಿ ಹೊರಡುತ್ತದೆ. ಆ ಹುರಿಯಲ್ಲಿ ಎಣಿಕೆಗೆ ಸಿಗದಷ್ಟು ಎಳೆಗಳು. ಮೂಗಿನ ಬುಡದ ಹಿಂದೆ, ತಲೆಯೊಳಗೆ, ಎರಡೂ ಹುರಿಗಳು ಒಂದು ಜಂಕ್ಷನ್ನಿನಲ್ಲಿ ಕೂಡುತ್ತವೆ. ವಿಕಾರಾಬಾದದಲ್ಲಿ ನಾವು ಗಾಡಿ ಬದಲಿಸುತ್ತೇವಲ್ಲ, ಹಾಗೆ ಅಲ್ಲಿ ಅರ್ಧ ಎಳೆಗಳು ಬದಿ ಬದಲಿಸುತ್ತವೆ. ಮೂಗಿನ ಮಗ್ಗುಲಿನವು ದಾಟಿ ಆಚೆ ಬದಿಗೆ ಹೋಗುತ್ತವೆ, ಕಿವಿಯ ಮಗ್ಗುಲಿನವು ತಮ್ಮ ಬದಿಯಲ್ಲೇ ಉಳಿಯುತ್ತವೆ. ಹೀಗಾಗಿ ಜಂಕ್ಷನ್ ದಾಟಿದ ಮೇಲೆ ಬಲಗಡೆಯ ಹುರಿಯಲ್ಲಿ ಎರಡೂ ಕಣ್ಣುಗಳು ಕಂಡ ಎಡಗಡೆಯ ಲೋಕ ಹೋಗುತ್ತಿರುತ್ತದೆ. ಎಡಗಡೆಯ ಹುರಿಯಲ್ಲಿ ಬಲಗಡೆಯ ಲೋಕ. ನಡುವೆ ಒಂದು ಸ್ಟೇಷನ್ನಿನಲ್ಲಿ ನಿಂತು, ಮುಂದೆ ಹಿಂದಲೆಯವರೆಗೆ ಹೋಗುತ್ತವೆ. ಕಂಡಿತು ಎಂದು ತಿಳಿಯುವುದು ಅಲ್ಲಿ. ನಾವು ಹಿಂದಲೆಯಿಂದ ನೋಡುತ್ತೇವೆ ಎಂದರೆ ನಗಬೇಡ.

ಲೈನು ಕೆಟ್ಟಾಗ ನಾವು ಹುಡುಕುತ್ತಿದ್ದ ರೀತಿ ಇದು. ಉದಗೀರದ ತಾರು ಬೀದರಿಗೆ ಬರದಿದ್ದರೆ ಭಾಲ್ಕಿಯವರನ್ನು ಕೇಳುವುದು. ಅವರಿಗೆ ಮುಟ್ಟಿದೆಯೆಂದರೆ ಕೆಟ್ಟದ್ದು ಭಾಲ್ಕಿಯ ಈಚೆ, ಹಲಬರ್ಗಾದ ಕಡೆ. ಅವರಿಗೂ ಮುಟ್ಟಿಲ್ಲವೆಂದರೆ ಆಚೆ. ನಿನ್ನ ಲೈನನ್ನೂ ಹಾಗೇ ನೋಡೋಣ.

ತಾಟಿನ ಮುಂದೆ ಕುಳಿತು, ನಡುವಿನ ರೊಟ್ಟಿಯ ಮೇಲೆ ದೃಷ್ಟಿಯಿಡು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬಲಗಣ್ಣಿನಿಂದ ಮಾತ್ರ ನೋಡು. ಕೆಟ್ಟದ್ದು ಎಡಗಣ್ಣಾಗಿದ್ದರೆ, ಬಲಗಣ್ಣಿಗೆ ಎಡಬದಿಯ ಉಪ್ಪು ಕಾಣಬೇಕು. ಕಾಣಲಿಲ್ಲವೆಂದರೆ ಕೈ ಬದಲಿಸಿ ನೋಡು. ಎರಡೂ ಕಣ್ಣಿಗೆ ಅದೇ ಎಡಬದಿ ಇಲ್ಲವೆಂದರೆ ಕಣ್ಣುಗಳಲ್ಲಿ ದೋಷವಿಲ್ಲ, ಜಂಕ್ಷನ್ ದಾಟಿದ ಮೇಲೆ ಲೈನು ಕೆಟ್ಟಿದೆ. ಆಮೇಲೆ ತಾಟನ್ನು ಅರ್ಧ ಸುತ್ತು ತಿರುಗಿಸು. ಎಡಬದಿ ಬಲಕ್ಕೆ ಬರಲಿ.

ನೀನು ಕೇಳುತ್ತೀ: ಕಾಣದಿದ್ದರೆ ಅಲ್ಲಿ ಕತ್ತಲೆಯಾದರೂ ಕಾಣಬೇಕಲ್ಲ, ಕಾಣುತ್ತಿಲ್ಲವೆಂದು ನನಗೇ ತಿಳಿಯಬೇಕಲ್ಲ ಎಂದು. ಇಲ್ಲ ತಂಗಿ. ಬಾರದ ತಾರು, ನಾನು ಬಂದಿಲ್ಲ ಎಂದು ಸಪ್ಪಳ ಮಾಡುವುದಿಲ್ಲ. ನನ್ನ ಟೇಬಲ್ಲು ಶಾಂತವಾಗಿರುತ್ತಿತ್ತು, ಈ ಹೊತ್ತು ಉದಗೀರದಲ್ಲಿ ಏನೂ ನಡೆದಿಲ್ಲ ಎಂದು ನಾನು ಚಹಾ ಕುಡಿಯುತ್ತಿದ್ದೆ.

ಏನಾಯಿತು ಬರೆ. ತಲೆನೋವು ಇನ್ನೂ ಇದೆಯೇ, ಅದನ್ನೂ ಮುಚ್ಚದೆ ಬರೆ.

ಅಣ್ಣ


ಔರಾದ
೮ ನವೆಂಬರ್ ೧೯೫೬

ಅಣ್ಣಾ,

ಕೆಂಪು ಗೆರೆ ಹಿಡಿದು ನಿನ್ನ ಪತ್ರ ಪೂರಾ ಓದಿದೆ. ಈ ಪತ್ರಕ್ಕೂ ದತ್ತನಿಂದ ಗೆರೆ ಎಳೆಸಿಕೊಂಡಿದ್ದೇನೆ. ಅಂಚಿನಿಂದ ಬರೆಯುತ್ತಿದ್ದೇನೆ, ನೋಡು.

ಶೇವಂತಾಬಾಯಿ ತಾಟು ಇಟ್ಟಳು. ರೊಟ್ಟಿ, ಬದನೆಕಾಯಿ ಪಲ್ಯ. ಎಡಗಣ್ಣು ಮುಚ್ಚಿ ನೋಡಿದೆ. ಉಪ್ಪಿಲ್ಲ. ಬಲಗಣ್ಣು ಮುಚ್ಚಿ ನೋಡಿದೆ. ಉಪ್ಪಿಲ್ಲ. "ಏನ ಮಾಡ್ಲಿಕತ್ತೀ ಜಾನಕಿ, ತಾಟಿಗಿ ಕಣ್ಣ ಹೊಡೀತೀಯೇನು?" ಎಂದು ಅವಳು ನಕ್ಕಳು. ನಾನು ತಾಟನ್ನು ತಿರುಗಿಸಿದೆ.

ಉಪ್ಪು ಇತ್ತು. ಹಿಂಡಿ ಇತ್ತು. ಉಪ್ಪಿನಕಾಯಿಯ ಹೋಳು ಇತ್ತು. ಪಲ್ಯ ಹೋಗಿಬಿಟ್ಟಿತ್ತು.

ಉಣ್ಣಲಾಗಲಿಲ್ಲ. ದಿನವೂ ಬಡಿಸಿದ್ದಾಳೆ, ಅಣ್ಣ. ದಿನವೂ ನನ್ನ ಎಡಕ್ಕೆ ಬಗ್ಗಿ ಬಡಿಸಿದ್ದಾಳೆ, ದಿನವೂ ನನ್ನ ಬಾಯಿಂದ ಇಲ್ಲವೆನ್ನಿಸಿಕೊಂಡಿದ್ದಾಳೆ. ಕಾಲಿಗೆ ಬಿದ್ದದ್ದೂ ಎಡಕ್ಕೇ ಇರಬೇಕು.

ಮೈಸೂರು ರಾಜ್ಯವಾಯಿತೆಂದು ದತ್ತನ ಕಚೇರಿಯಲ್ಲಿ ಪೇಢೆ ಹಂಚಿದರು. ಅವನು ತಂದ ಪೊಟ್ಟಣವನ್ನು ಬಿಚ್ಚದೆ ಸೆರಗಿಗೆ ಕಟ್ಟಿಕೊಂಡೆ. ದೀಪಾವಳಿ ಪಾಡ್ಯದ ದಿನ ಅವನ ಕೈ ಹಿಡಿದು ಭಾಲ್ಕಿಗೆ, ಅಲ್ಲಿಂದ ಹಲಬರ್ಗಾಕ್ಕೆ ಹೋದೆ. ಅತ್ತೆಯಾದವಳು ಸೊಸೆಯನ್ನು ಕರೆಯಲು ತಾನೇ ಬೀಗರ ಮನೆಗೆ ಬಂದದ್ದನ್ನು ಆ ಊರು ಕಂಡಿರಲಿಲ್ಲ. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಬಲಗಡೆಯವರು ಎದ್ದದ್ದಂತೂ ಕಂಡೆ.

ಕಾಶೀರಾಮ ಬಾಗಿಲಲ್ಲಿ ನಿಂತಿದ್ದ. ನಾನು ಒಳಗೆ ಹೋಗಿ ನೆಲಕ್ಕೆ ಕುಳಿತು, "ಸುಲಭಾ, ಹಸಿದೀನಿ. ತಾಟ ತಾ" ಎಂದೆ.

ಬಡಿಸಿದಳು. ನಾನು ಎಲ್ಲರ ಎದುರು ತಾಟು ತಿರುಗಿಸಿ ಹಿಂಡಿಯಲ್ಲಿ ಬೆರಳದ್ದಿ ಬಾಯಿಗೆ ಇಟ್ಟುಕೊಂಡೆ.

"ಅತ್ತಿ, ನಾ ದಿನಾ ಬಡಸೀನ್ರಿ" ಎಂದಳು. ಅಷ್ಟೇ. ಆ ಮಾತನ್ನು ಇಷ್ಟು ದಿನ ಬಾಯಲ್ಲಿ ಇಟ್ಟುಕೊಂಡು ಕುಳಿತಿದ್ದಳು.

"ಗೊತ್ತಾತವಾ. ತಪ್ಪು ಕಣ್ಣಿಂದಲ್ಲಂತ, ತಲೀದಂತ. ನಿನ್ನ ಮಾಮಾ ಬರದಾರ. ತಲಿ ಕೆಟ್ಟ ಅತ್ತಿ ಸಂಗಾಟ ಬರ್ತಿ?"

ನಕ್ಕಳೋ ಅತ್ತಳೋ, ನನ್ನ ಎಡಕ್ಕೆ ಸರಿದುಬಿಟ್ಟಿದ್ದಳು, ಕಾಣಲಿಲ್ಲ. ಈಗ ಮನೆಯಲ್ಲಿದ್ದಾಳೆ.

ತಲೆನೋವು ಕೇಳಿದ್ದೀ. ಇದೆ. ಬೆಳಿಗ್ಗೆ ಎದ್ದಾಗ ಹೆಚ್ಚು, ಹೊಟ್ಟೆಯಲ್ಲಿದ್ದದ್ದು ಬರುತ್ತದೆ. ಹೋಳಿಯ ಸುಮಾರಿನಿಂದಲೂ ಇದೆ. ನಿನಗೆ ಹೇಳಿರಲಿಲ್ಲ.

ನಿನ್ನ ಜಾನಕಿ


ಚಿದ್ರಿ, ಬೀದರ
೫ ಜನವರಿ ೧೯೫೭

ಪ್ರೀತಿಯ ಜಾನಕಿ,

ಹೈದರಾಬಾದಿನಿಂದ ಬಂದ ದಣಿವು ಆರಿತೇ? ದವಾಖಾನೆಯಲ್ಲಿ ನಿನ್ನನ್ನು ಅಷ್ಟು ಹೊತ್ತು ಕೂರಿಸಿ, ಕಣ್ಣಿಗೆ ದೀಪ ಹಿಡಿದು, ಮೊಣಕಾಲಿಗೆ ಸುತ್ತಿಗೆ ಬಡಿದು ಪರೀಕ್ಷೆ ಮಾಡಿದರಲ್ಲ, ನನ್ನ ಬಾತ ಮೊಣಕಾಲಿಗೆ ಯಾರೂ ಬಡಿಯಲಿಲ್ಲವೆಂದು ನನಗೆ ಹೊಟ್ಟೆಕಿಚ್ಚಾಯಿತು.

ಅಲ್ಲಿ ಗಡಿಬಿಡಿಯಲ್ಲಿ ನಿನಗೆ ಸರಿಯಾಗಿ ಹೇಳಲಾಗಲಿಲ್ಲ, ಈಗ ಬರೆಯುತ್ತೇನೆ. ಗಾಬರಿಯಾಗುವಂಥದ್ದು ಏನಿಲ್ಲ ಎಂದು ಡಾಕ್ಟರು ಹೇಳಿದರು. ನರದಲ್ಲಿ ಒಂದು ಗಂಟು, ಗುಳಿಗೆ ತೆಗೆದುಕೊಂಡು ವಿಶ್ರಾಂತಿಯಲ್ಲಿದ್ದರೆ ಬೇಸಗೆ ಹೊತ್ತಿಗೆ ಸಡಿಲವಾಗುತ್ತದಂತೆ. ದತ್ತನಿಗೂ ಅಷ್ಟೇ ಹೇಳಿದ್ದಾರೆ. ಯುಗಾದಿಗೆ ನಾನೂ ನಿನ್ನ ಅತ್ತಿಗೆಯೂ ಔರಾದಕ್ಕೆ ಬರುತ್ತೇವೆ. ಆ ಹೊತ್ತಿಗೆ ನೀನೇ ನನಗೆ ಬಡಿಸಬೇಕು, ಎಡಬದಿಗೆ ಉಪ್ಪು ಮರೆಯದೆ.

ಇಲ್ಲಿ ಹವೆ ಚೆನ್ನಾಗಿದೆ. ಅಂಗಡಿಗಳ ಬೋರ್ಡು ಕನ್ನಡದಲ್ಲಿ ಬರೆಸುತ್ತಿದ್ದಾರೆ. ಪೇಂಟರನಿಗೆ ಕನ್ನಡ ಬಾರದು, ಗುಲಾಮ ರಸೂಲನ ಔಷಧದ ಅಂಗಡಿಯ ಬೋರ್ಡಿಗೆ ನಾನೇ ಸುಣ್ಣದಲ್ಲಿ ಅಕ್ಷರ ಬರೆದುಕೊಟ್ಟೆ. ಇನ್ನೇನು ಬರೆಯಲಿ? ಎಲ್ಲ ಚೆನ್ನಾಗಿದೆ.

ನಿನ್ನ ಅಣ್ಣ


ಔರಾದ
೨೭ ಜನವರಿ ೧೯೫೭

ಅಣ್ಣಾ,

ಅಕ್ಷರ ಸುಲಭಾಳದು, ಮಾತು ನನ್ನದು. ಎಡಗೈಗೆ ಕಾಗದ ಒತ್ತಿ ಹಿಡಿಯುವಷ್ಟು ಶಕ್ತಿಯಿಲ್ಲ, ಕೆಂಪು ಗೆರೆಯೂ ಈಗ ಸಿಗುವುದಿಲ್ಲ. ನಿನ್ನ ಪತ್ರವನ್ನು ಅವಳೇ ಓದಿದಳು. ಚೆನ್ನಾಗಿ ಓದುತ್ತಾಳೆ. ಗಂಟು ಸಡಿಲವಾಗುತ್ತದೆ ಎಂಬ ಸಾಲನ್ನು ಮಾತ್ರ ಬೇಗ ಬೇಗ ಓದಿ ದಾಟಿದಳು.

ನೀನು ತಾರು ಮಾಸ್ತರ, ಸುಳ್ಳು ಬರೆದು ರೂಢಿಯಿಲ್ಲ. ಒಂದೇ ಪತ್ರದಲ್ಲಿ ಚೆನ್ನಾಗಿದೆ ಎಂದು ಎರಡು ಸಲ ನೀನು ಮೊದಲೆಂದೂ ಬರೆದವನಲ್ಲ.

ದವಾಖಾನೆಯಲ್ಲಿ ನೀನು ಡಾಕ್ಟರನ್ನು ನನ್ನ ಎಡಕ್ಕೆ ಕರೆದುಕೊಂಡು ಹೋಗಿ ನಿಂತು ಮಾತಾಡಿದೆ. ಅಲ್ಲಿದ್ದರೆ ನನಗೆ ಕಾಣುವುದಿಲ್ಲ ಎಂದು ನಿನಗೆ ಗೊತ್ತಿತ್ತು. ಡಾಕ್ಟರು ಹೇಳುವುದು ಉರ್ದುವಿನಲ್ಲಿ, ಇವಳಿಗೆಲ್ಲಿ ತಿಳಿದೀತು ಎಂದುಕೊಂಡೆ. ಅಣ್ಣಾ, ನಾನು ಹುಟ್ಟಿದ್ದು ಬೆಳೆದದ್ದು ಬೀದರದ ಬಜಾರದಲ್ಲಿ. ಉರ್ದು ಓದಲು ಬಾರದಿರಬಹುದು, ಕೇಳಿದ್ದು ತಿಳಿಯದೇ? "ಉಮೀದ್ ನಹೀಂ ಹೈ, ಘರ್ ಲೇಜಾಯಿಯೇ" ಎಂದರು. ಆಸೆಯಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ನನಗೆ ಎಡಗಡೆ ಕಾಣುವುದಿಲ್ಲ, ಕೇಳುತ್ತದೆ. ನಿನ್ನ ಪುಸ್ತಕದಲ್ಲಿ ಇದನ್ನು ಬರೆದಿರಲಿಲ್ಲವೇ?

ವಿಕಾರಾಬಾದದಲ್ಲಿ ಗಾಡಿ ಬದಲಿಸುವಾಗ ನೀನು ನನಗೆ ಚಹಾ ತರುತ್ತೇನೆಂದು ಹೋಗಿ ಬಹಳ ಹೊತ್ತು ಬರಲಿಲ್ಲ. ಕಣ್ಣು ಕೆಂಪಾಗಿ ಬಂದೆ, ಇಂಜಿನ್ನಿನ ಹೊಗೆ ಎಂದೆ. ನಾನೂ ಹೊಗೆ ಎಂದೇ ನಂಬಿದ ಹಾಗೆ ಮಾಡಿದೆ. ಇಬ್ಬರೂ ಚಹಾ ಕುಡಿದೆವು.

ಸಿಟ್ಟಿಲ್ಲ. ಒಂದೇ ಒಂದು ನಡೆಸಿಕೊಡು, ಇನ್ನು ಮುಂದೆ ನಿಜ ಬರೆ. ನನ್ನ ಅರ್ಧ ಲೋಕ ಈಗಾಗಲೇ ಹೋಗಿದೆ, ಉಳಿದ ಅರ್ಧದಲ್ಲಿ ನೀನು ಸುಳ್ಳು ತುಂಬಬೇಡ.

ಸುಲಭಾ ಈಗ ಎಲ್ಲವನ್ನೂ ತಾಟಿನ ಬಲಬದಿಗೇ ಬಡಿಸುತ್ತಾಳೆ. ಉಪ್ಪು, ಹಿಂಡಿ, ಪಲ್ಯ ಎಲ್ಲ ಒಂದೇ ಕಡೆ, ಸಂತೆಯ ಹಾಗೆ. ಶೇವಂತಾಬಾಯಿ ನೋಡಿ, "ಏನವಾ, ನಿಮ್ಮ ಹಲಬರ್ಗಾದಾಗ ಉಪ್ಪು ಬಲಕ್ಕ ಬಡಸ್ತಾರೇನು?" ಎಂದಳು. ಇವಳು ಕೈ ತೊಳೆಯುತ್ತ, "ನಮ್ಮ ಅತ್ತಿ ಎಲ್ಲಿ ನೋಡ್ತಾರೊ ಅಲ್ಲಿ ಬಡಸ್ತಾರ್ರಿ" ಎಂದಳು. ಇದನ್ನು ಬರೆಯಲಾರೆ ಎಂದು ಹಟ ಹಿಡಿದಿದ್ದಳು, ಬರೆಸಿದ್ದೇನೆ.

ನಿನ್ನ ಜಾನಕಿ

ಮಾಮಾ ಅವರಿಗೆ ಸುಲಭಾಳ ನಮಸ್ಕಾರ. ಈ ಸಾಲುಗಳನ್ನು ಅತ್ತೆಗೆ ಹೇಳದೆ ಬರೆದಿದ್ದೇನೆ. ಅವರು ದಿನದಲ್ಲಿ ಬಹಳ ಹೊತ್ತು ನಿದ್ದೆಯಲ್ಲೇ ಇರುತ್ತಾರೆ. ಯುಗಾದಿಗೆ ಬರುತ್ತೇನೆ ಎಂದಿದ್ದೀರಿ. ಅಷ್ಟು ತಡ ಮಾಡಬೇಡಿ.


ಚಿದ್ರಿ, ಬೀದರ
೪ ಫೆಬ್ರುವರಿ ೧೯೫೭

ಜಾನಕಿ,

ನಿಜ ಬರೆಯುತ್ತೇನೆ. ನಿನ್ನ ಹಿಂದಲೆಯಲ್ಲಿ, ಬಲಗಡೆ, ಒಂದು ಗಡ್ಡೆ ಬೆಳೆಯುತ್ತಿದೆ. ನೀನು ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಕಡೆಯೇ. ತೆಗೆಯಲು ತಮ್ಮಿಂದಾಗದು, ತೆಗೆಯಬಲ್ಲವರಲ್ಲಿಗೆ ಹೋಗುವಷ್ಟು ವೇಳೆಯೂ ಇಲ್ಲ ಎಂದರು ಡಾಕ್ಟರು. ವಿಕಾರಾಬಾದದಲ್ಲಿ ಇಂಜಿನ್ನಿನ ಹೊಗೆ ಇರಲಿಲ್ಲ.

ತಾರು ಹಿಡಿದವನು ಅದನ್ನು ಮುಟ್ಟಿಸದೆ ಜೇಬಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಸಾವಿನ ತಾರುಗಳನ್ನು ಎಷ್ಟೋ ಮನೆಗಳಿಗೆ ನಾನೇ ಬರೆದು ಕಳಿಸಿದ್ದೇನೆ. ಇದೊಂದು ತಾರನ್ನು ಮಾತ್ರ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ.

ಮೊಣಕಾಲು ಹೇಗಾದರೂ ಇರಲಿ, ನಾಡಿದ್ದು ಕರೀಮ ಸಾಬರ ಬಸ್ಸಿಗೆ ಹೊರಡುತ್ತೇನೆ. ನಾನು ಬಂದಾಗ ನಿನ್ನ ಬಲಗಡೆಗೇ ಕುಳಿತುಕೊಳ್ಳುತ್ತೇನೆ.

ಅಣ್ಣ


ಔರಾದ
೨ ಏಪ್ರಿಲ್ ೧೯೫೭

ಮಾಮಾ ಅವರಿಗೆ ಸುಲಭಾಳ ನಮಸ್ಕಾರಗಳು.

ಅತ್ತೆಯ ದಿನಕರ್ಮ ಮುಗಿಸಿ ನೀವು ಬೀದರಿಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಇವರು ಕಚೇರಿಯಿಂದ ಬಂದರೆ ಈಗಲೂ ಅತ್ತೆಯ ಹಾಸಿಗೆಯಿದ್ದ ಜಾಗವನ್ನು ಸುತ್ತಿಕೊಂಡು ಬಲಗಡೆಗೆ ಹೋಗಿ ಕುಳಿತುಕೊಳ್ಳುತ್ತಾರೆ.

ನಿಮ್ಮಲ್ಲಿ ಒಂದು ಕೇಳುವುದಿದೆ. ಯುಗಾದಿಯ ಅಮಾವಾಸ್ಯೆಗೆ ಅತ್ತೆಗೆ ಎಡೆ ಹಿಡಿದೆವು. ಹೊಸದಾಗಿ ಶೇಂಗಾ ಹುರಿದು ಹಿಂಡಿ ಕುಟ್ಟಿದ್ದೆ. ತಾಟು ತೊಳೆದು ಅವರು ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ ಇಟ್ಟು, ಉಪ್ಪನ್ನು, ಹಿಂಡಿಯನ್ನು, ಉಪ್ಪಿನಕಾಯಿಯನ್ನು ಬಲಬದಿಗೆ ಬಡಿಸಿದೆ. ಶೇವಂತಾಬಾಯಿ ನನ್ನ ಕೈ ಹಿಡಿದರು.

"ಇದು ಎಡಿ ಅದವಾ. ಇದನ್ನರೆ ರೀತಿ ಪ್ರಕಾರ ಬಡಸು. ಈಗ ಅಕಿಗಿ ಕಣ್ಣಿಲ್ಲ ತಲಿಯಿಲ್ಲ, ಯಾವ ಬ್ಯಾನಿನೂ ಇಲ್ಲ. ಎಲ್ಲಾ ಕಡಿ ಕಾಣಸ್ತದ."

ಹಿರಿಯರು ಹೇಳಿದ್ದು ಸರಿಯೇ ಇರಬೇಕು. ಇವರೂ ತಲೆಯಾಡಿಸಿದರು. ನಾನು ಹಿಂಡಿಯನ್ನು ಎತ್ತಿ ಎಡಬದಿಗೆ ಒಯ್ದೆ. ಅಲ್ಲಿಯವರೆಗೆ ಕೈ ಹೋಯಿತು, ಇಡಲಾಗಲಿಲ್ಲ ಮಾಮಾ. ಅಲ್ಲಿ ಇಟ್ಟರೆ ಅತ್ತೆ ಬಂದು ಕುಳಿತು, ತಾಟು ನೋಡಿ, "ಯಾಕವಾ, ಮನ್ಯಾಗ ಹಿಂಡಿ ತೀರೇದೇನು?" ಎನ್ನುತ್ತಾರೆ ಎನ್ನಿಸಿತು. ಈ ಸಲ ಅವರ ಮುಖ ತಿರುಗುವ ಹಾಗೆ ಕೈ ಚಾಚಿ ತೋರಿಸುವುದು ನನ್ನಿಂದ ಆಗುವುದಿಲ್ಲ.

ಬಲಬದಿಗೇ ಬಡಿಸಿ ಎದ್ದೆ. ತಪ್ಪಾಗಿದ್ದರೆ ಬರೆದು ತಿಳಿಸಿ.

ನಿಮ್ಮ
ಸುಲಭಾ